ಹೊಳೆಯ ಹಾದಿಯ ಗಾಲಿ ಗುರುತು

ಆಗಸ್ಟ್ 2

ಶೇಡಬಾಳದಿಂದ ಅಥಣಿಗೆ, ಬಾಳೇಶಣ್ಣನ ಜೊತೆ. ತೋಟದ ಎಟಿವಿಗೆ, ಅದೇ ಆ ನಾಲ್ಕು ಗಾಲಿಯ ಗಾಡಿಗೆ, ಹೊಸ ಟೈರ್ ಬೇಕು. ಹೊಳೆ ಏರುತ್ತಿದೆ.

ಟೈರಿನಂಗಡಿಯ ದಸ್ತಗೀರ ಚಾಚಾ ಎರಡು ಬಗೆ ಮುಂದಿಟ್ಟರು. ಒಂದು ಸಪಾಟು, ರಸ್ತೆಗೆ. ಇನ್ನೊಂದಕ್ಕೆ ಟ್ರ್ಯಾಕ್ಟರ್ ಟೈರಿನಂತೆ ಬಾಣದಾಕಾರದ ಆಳವಾದ ಹಲ್ಲು, ಕೆಸರಿಗೆ. ಅಣ್ಣ ನನ್ನತ್ತ ತಿರುಗಿದ.

"ನೀನ ಆರಿಸವ್ವಾ, ಎಮ್ಮೆ ಮಾಡೀದಿ. ನಾನೂ ಎಮ್ಮೀನ ಕಾಯ್ದೇನಿ, ಖರೇ ನನಗ ತಿಳಿವಲ್ದು."

ನನ್ನ ಎಂ.ಎ. ಎಮ್ಮೆಯಾದದ್ದಕ್ಕೆ ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಹಲ್ಲಿನ ಟೈರಿನ ಮೇಲೆ ಕೈಯಿಟ್ಟೆ.

ಹೋದ ವರ್ಷದ ಮಹಾಪೂರದಲ್ಲಿ ಪಂಪ್‌ಸೆಟ್ ಮೋಟರ್ ಮೇಲೆ ತರಲು ನಮ್ಮ ಇನ್ನೊಬ್ಬ ಅಣ್ಣ ಸಂದೇಶ ಇದೇ ಗಾಡಿಯನ್ನು ಹೊಳೆಗೆ ಇಳಿಸಿದ್ದ. ಸವೆದ ಟೈರು ಕೆಸರಲ್ಲಿ ಹಿಡಿಯಲಿಲ್ಲ. ನೀರಿಳಿದ ಮೇಲೆ ಗಾಡಿ ಸಿಕ್ಕಿತು. ಅವನು...

ಇನ್ನು ಹೊಳೆಗಿಳಿಯುವುದಿಲ್ಲ ಎಂದು ಬಾಳೇಶಣ್ಣ ಅವ್ವನ ತಲೆ ಮುಟ್ಟಿ ಆಣೆ ಮಾಡಿದ್ದಾನೆ. ಆದರೆ ಮೋಟರ್ ಈ ಸಲವೂ ಕೆಳಗೇ ಇದೆ.

ಆಗಸ್ಟ್ 3

ಅಣ್ಣ ಗಾಲಿ ಕೂಡಿಸಿದ. ಒಬ್ಬನೇ, ಅವಸರದಲ್ಲಿ. ಫೋಟೊ ತೆಗೆದೆ. ಗಾಡಿ ಹೊಸದರಂತೆ ಕಾಣುತ್ತದೆ.

ಟ್ರ್ಯಾಕ್ಟರ್ ಗುರುತು ಓದುವುದನ್ನು ಚಿಕ್ಕಂದಿನಲ್ಲಿ ಅವನೇ ಕಲಿಸಿದ್ದು — ಬಾಣದ ಮೊನೆ ಎತ್ತ ಇದೆಯೋ, ಗಾಡಿ ಅತ್ತಿಂದ ಬಂದಿದೆ.

ಆಗಸ್ಟ್ 6, ಬೆಳಿಗ್ಗೆ

ಹೊಳೆಯ ಹಾದಿಯ ಕೆಸರಲ್ಲಿ ಹೊಸ ಟೈರಿನ ಗುರುತು. ಮೊನೆಗಳೆಲ್ಲ ಹೊಳೆಯ ಕಡೆ. ಅಂದರೆ ಹೊಳೆಯಿಂದ ಮನೆಗೆ ಬಂದಿದೆ. ಹೋದ ಗುರುತು ಮಾತ್ರ ಇಲ್ಲ. ಹುಡುಕಿದೆ. ಎಲ್ಲೂ ಇಲ್ಲ.

ಗಾಡಿ ಶೆಡ್ಡಿನಲ್ಲಿದೆ. ಒದ್ದೆ. ಕೇಳಿದ್ದಕ್ಕೆ, ಮುಟ್ಟೇ ಇಲ್ಲ ಅಂದ ಅಣ್ಣ. ಕಣ್ಣು ಬೇರೆ ಕಡೆ.

ಅವ್ವ ಗುರುತಿನ ಪಕ್ಕ ಕೂತು ಕೆಸರನ್ನು ಮೆಲ್ಲಗೆ ಸವರಿದಳು. "ಸಂದೇಶ ಮನಿಗೆ ಬಂದಾನ."

ಮಧ್ಯಾಹ್ನ ಒಂದು ತಾಟು ಹೆಚ್ಚಿಗೆ ಬಡಿಸಿದಳು. ಸಂಜೆ ನೋಡಿದರೆ ಅದರಲ್ಲಿ ರೊಟ್ಟಿ ಇರಲಿಲ್ಲ. ಬೆಕ್ಕಿರಬೇಕು.

ಆಗಸ್ಟ್ 7

ಮಳೆ. ಗುರುತು ಅಳಿಸಿತು. ಬಾಗಿಲಿಗೆ ಅಗಳಿ ಹಾಕಲು ಅವ್ವ ಬಿಡುತ್ತಿಲ್ಲ. ಹಗಲೂ ತೆರೆದೇ ಇರಬೇಕಂತೆ, ರಾತ್ರಿಯೂ.

ಆಗಸ್ಟ್ 9, ಬೆಳಿಗ್ಗೆ

ಮತ್ತೆ ಗುರುತು. ಮೊನೆ ಹೊಳೆಯ ಕಡೆಗೇ. ಅವ್ವನ ಮುಖದಲ್ಲಿ ನಗು.

ಶೆಡ್ ಖಾಲಿ. ಅಣ್ಣನ ಫೋನ್ ಹತ್ತುತ್ತಿಲ್ಲ.

ಮನೆಗೆ ಬಂದ ಗಾಡಿ ಮನೆಯಲ್ಲಿಲ್ಲ. ಯಾಕೋ ಗಾಲಿ ಕೂಡಿಸಿದ ದಿನದ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿದೆ. ಗಾಲಿ ಯಾವ ಕಡೆ ತಿರುಗಬೇಕು ಎಂದು ಟೈರಿನ ಬದಿಗೆ ಬಾಣ ಅಚ್ಚಾಗಿದೆ. ಅದು ಹಿಂದಕ್ಕೆ ತೋರಿಸುತ್ತಿದೆ. ಎಡದ ಗಾಲಿ ಬಲಕ್ಕೆ, ಬಲದ್ದು ಎಡಕ್ಕೆ ಕೂಡಿಸಿದ್ದಾನೆ.

ಗುರುತೇ ಉಲ್ಟಾ. ಯಾರೂ ಬಂದಿರಲಿಲ್ಲ. ಅಣ್ಣ ಮೋಟರ್ ತರಲು ಹೋಗಿದ್ದ. ಆರನೇ ತಾರೀಖು ಸಿಮೆಂಟ್ ರಸ್ತೆಯಿಂದ ಸುತ್ತಿ ಬಂದಿರಬೇಕು — ಆ ರಸ್ತೆ ನಿನ್ನೆಯೇ ಮುಳುಗಿದೆ. ಏರಿ ಬರಲು ಉಳಿದದ್ದು ಈ ಕೆಸರಿನ ಹಾದಿಯೊಂದೇ. ಉಲ್ಟಾ ಹಲ್ಲು ಕೆಸರನ್ನು ಬಿಡುವುದಿಲ್ಲ. ತುಂಬಿಕೊಂಡು ಜಾರುತ್ತದೆ... ಸವೆದ ಟೈರಿನ ಹಾಗೆಯೇ.

ಪಕ್ಕದ ತೋಟದ ಗುರಪ್ಪ ಕಾಕಾಗೆ ಫೋನ್ ಮಾಡಿದೆ. ಹಗ್ಗ ತರುತ್ತಿದ್ದಾರೆ. ಒಬ್ಬಳೇ ಇಳಿಯಬೇಡ ಅಂದರು.

ಒಳಗೆ ತಾಟಿನ ಸದ್ದು. ಅವ್ವ ಎರಡು ತಾಟು ಇಟ್ಟು ಹೊಸ್ತಿಲಿಗೆ ಬಂದು ನಿಂತಿದ್ದಾಳೆ.

"ಗಾಡಿ ಸಪ್ಪಳ ಕೇಳಸ್ತಿಲ್ಲೇನ ನಿನಗ? ಇಬ್ರೂ ಬರಾಕತ್ತಾರ."

ಕೇಳಿಸುತ್ತಿದೆ. ನನಗೂ. ಹೊಳೆಯ ಕಡೆಯಿಂದಲೇ. ಹತ್ತಿರವಾಗುತ್ತಿದೆಯೋ, ದೂರ—