ಬೂಸಾದ ತಟ್ಟೆಗೆ ವಿಭೂತಿ

ಬಾಗೂರು, ಹೊಸದುರ್ಗ ತಾಲ್ಲೂಕು
ಆಷಾಢ ಬಹುಳ ಏಕಾದಶಿ, ಸೋಮವಾರ

ಚಿರಂಜೀವಿ ಮೃತ್ಯುಂಜಯನಿಗೆ ಅಜ್ಜನ ಆಶೀರ್ವಾದಗಳು.

ಶ್ರಾವಣದಲ್ಲಿ ನಿನಗೆ ಮಠದ ಪಟ್ಟವಾದ ಮೇಲೆ ನಾನು ನಿನ್ನನ್ನು ‘ಪೂಜ್ಯರೇ’ ಎಂದೇ ಸಂಬೋಧಿಸಬೇಕು, ಕಂಡಲ್ಲಿ ಪಾದ ಮುಟ್ಟಬೇಕು. ಆದುದರಿಂದ ‘ಚಿರಂಜೀವಿ’ ಎಂಬ ಮಾತನ್ನು ಹಕ್ಕಿರುವಾಗಲೇ ಬರೆದುಕೊಳ್ಳುತ್ತಿದ್ದೇನೆ. ಆರೋಗ್ಯ ಹೇಗಿದೆ? ಹಿರಿಯೂರಿನಾಚೆಯ ಆ ಒಣಹವೆಗೆ ಮೂಗಿನಲ್ಲಿ ರಕ್ತ ಒಸರುವುದು ನಿಂತಿತೇ? ನಿನ್ನ ಅಜ್ಜಿಯ ಮೊಣಕಾಲು ನೋವು ಹಾಗೆಯೇ ಇದೆ. ನಿನ್ನ ತಾಯಿ ಕ್ಷೇಮ. ಆದರೆ ನಿನ್ನನ್ನು ಕಳುಹಿಸಿದ ದಿನದಿಂದ, ಒಂದೇ ಒಂದು ಸಲ ಬಿಟ್ಟರೆ, ನನ್ನೊಡನೆ ಮಾತಿಲ್ಲ. ಊಟದ ತಟ್ಟೆಯನ್ನು ತಂದಿಟ್ಟು ಹೋಗುತ್ತಾಳೆ.

ಹೊರಡುವ ಮುನ್ನ ನೀನು ನನಗೆ ಒಪ್ಪಿಸಿದ್ದು ಎರಡೇ: ಒಂದು ಜೋಡಿ ಫಿಂಚ್ ಹಕ್ಕಿ, ಅವುಗಳ ಆಹಾರಕ್ಕೆಂದು ಗೋಧಿ ಬೂಸಾದ ತಟ್ಟೆಯಲ್ಲಿ ನೀನು ಸಾಕಿದ್ದ ಹುಳುಗಳು. ದೊಡ್ಡವಕ್ಕೆ ನವಣೆಯೇ ಸಾಕು, ಮರಿಯಾದಾಗ ಮಾತ್ರ ಜೀವಂತ ಹುಳು ಬೇಕೇ ಬೇಕು ಎಂದಿದ್ದೆ. ನಾನು ಮುಖ ಸಿಂಡರಿಸಿದಾಗ ನೀನು ನಕ್ಕು, “ಹುಳ ಕೊಡದಿದ್ರೆ ಮರಿ ಉಳಿಯಲ್ಲಜ್ಜಾ, ಪಾಪ-ಗೀಪ ಆಮ್ಯಾಲೆ ನೋಡಾಣ” ಎಂದದ್ದು ಇನ್ನೂ ಕಿವಿಯಲ್ಲಿದೆ.

ನೀನು ಹೇಳಿದಂತೆಯೇ ಮಾಡಿದೆ, ಮಗೂ. ತೇವಕ್ಕೆಂದು ಗಜ್ಜರಿಯ ಹೋಳು ಇಟ್ಟೆ; ಹುಳು ಕೋಶವಾದಾಗ ಆರಿಸಿ ಬೇರೆ ಡಬ್ಬಿಗೆ ಹಾಕಿದೆ; ಅದರಿಂದ ಹೊರಬಂದ ಕರಿಯ ದುಂಬಿಗಳನ್ನು ಮೊಟ್ಟೆಗೆಂದು ಮೂರನೆಯ ತಟ್ಟೆಯಲ್ಲಿಟ್ಟೆ. ಜ್ಯೇಷ್ಠದ ಕೊನೆಯಲ್ಲಿ ಗೂಡಿನಲ್ಲಿ ನಾಲ್ಕು ಮರಿಗಳಾದವು. ಅಂದಿನಿಂದ, ಬೆಳಗ್ಗೆ ಇಷ್ಟಲಿಂಗವನ್ನು ಹಿಡಿದ ಅಂಗೈಯಲ್ಲೇ ಹೊರಳಾಡುವ ಜೀವಗಳನ್ನು ಎತ್ತಿ ಹಕ್ಕಿಯ ಕೊಕ್ಕಿಗೆ ಒಪ್ಪಿಸುವುದು ನನ್ನಿಂದ ಸಹಿಸಲಾಗಲಿಲ್ಲ. ಸಾಯುವ ಜೀವಕ್ಕೆ ಸದ್ಗತಿಯಾಗಲಿ, ನನಗೂ ದೋಷ ತಟ್ಟದಿರಲಿ ಎಂದು ಪೂಜೆ ಮುಗಿದೊಡನೆ ವಿಭೂತಿಯ ಗಟ್ಟಿಯೊಂದನ್ನು ಪುಡಿಮಾಡಿ, ಮಂತ್ರ ಹೇಳುತ್ತ ಮೂರೂ ತಟ್ಟೆಗಳಿಗೆ ಉದುರಿಸತೊಡಗಿದೆ. ಒಂಬತ್ತು ದಿನ ಹೀಗೆ ನಡೆಯಿತು. ಹತ್ತನೆಯ ದಿನ ಬೂಸಾ ಕೆದಕಿದರೆ ಹುಳುಗಳೆಲ್ಲ ಒಣಗಿ ನಾರಾಗಿದ್ದವು. ದುಂಬಿಗಳು ಅಂಗಾತ ಬಿದ್ದಿದ್ದವು. ದಾವಣಗೆರೆಯಿಂದ ಬೇರೆ ಹುಳು ತರಿಸುವಷ್ಟರಲ್ಲಿ ನಾಲ್ಕು ಮರಿಗಳೂ ಹೋದವು.

ನಿನ್ನ ಅಜ್ಜಿ ತಟ್ಟೆ ನೋಡಿ ಹಣೆ ಚಚ್ಚಿಕೊಂಡಳು. “ಅವರೆ ಬೀಜಕ್ಕೆ ಬೂದಿ ಕಲಸಿ ಗಡಿಗೇಲಿ ಇಡಾದು ಯಾಕ್ರಿ? ಹುಳ ಸಾಯ್ಲಿ ಅಂತ ಅಲ್ವಾ? ನಲವತ್ತು ವರ್ಷ ಪುರಾಣ ಹೇಳಿದೋರಿಗೆ ಇಷ್ಟೂ ತಿಳೀಲಿಲ್ವಾ?” ಎಂದಳು. ತಿಳಿದಿತ್ತು. ಬೂದಿ ಹುಳುವನ್ನು ಕೊಲ್ಲುತ್ತದೆಂಬುದು ತಿಳಿದಿತ್ತು, ವಿಭೂತಿಯೂ ಬೂದಿಯೇ ಎಂಬುದನ್ನು ಒಪ್ಪುವ ಮನಸ್ಸಿರಲಿಲ್ಲ. ಆಗ ಬಾಗಿಲಲ್ಲಿ ನಿಂತಿದ್ದ ನಿನ್ನ ತಾಯಿ ಮೂರು ತಿಂಗಳ ಮೌನ ಮುರಿದು, “ನನ್ ಮಗನಿಗೆ ಬಳಿದಂಗೇ ಹುಳಕ್ಕೂ ಬಳಿದ್ರಾ ಮಾವಾರೆ?” ಎಂದು ಕೇಳಿ ಒಳಗೆ ಹೋದಳು.

ಮಠಕ್ಕೆ ಮರಿ ಬೇಕು, ಜಂಗಮರ ಮನೆಯ ಹುಡುಗನೇ ಬೇಕು ಎಂದು ಹಿರಿಯರು ಬಂದಾಗ, ಅವಳನ್ನೂ ಕೇಳದೆ, ನಿನ್ನನ್ನೂ ಕೇಳದೆ, ಹತ್ತನೆಯ ತರಗತಿ ಮುಗಿದೊಡನೆ ಕೊಡುತ್ತೇನೆಂದು ಮಾತು ಕೊಟ್ಟವನು ನಾನು. ಊರವರು ನನಗೆ ಶಾಲು ಹೊದಿಸಿದರು. ಆ ಶಾಲನ್ನು ಈಗ ಪಂಜರಕ್ಕೆ ಹೊದಿಸಿದ್ದೇನೆ. ಮರಿ ಕಳೆದುಕೊಂಡ ಹಕ್ಕಿಗಳಿಗೆ ಗಾಳಿ ತಾಗಬಾರದಂತೆ.

ಅಲ್ಲಿಯ ಹಿರಿಯರಿಗೆ ನನ್ನ ಶರಣು. ವೇಳೆಗೆ ಸರಿಯಾಗಿ ಊಟ ಮಾಡು. ಶಿವನು ನಿನ್ನನ್ನು ಕಾಯಲಿ.

ಇಂತಿ ನಿನ್ನ ಅಜ್ಜ,
ಗುರುಶಾಂತಯ್ಯ

ಮರೆತ ಮಾತು: ಕಾರು ಹತ್ತುವಾಗ ನೀನು, “ಹೋಗ್ಲೇಬೇಕಾ ಅಜ್ಜಾ?” ಎಂದೆ. ನಾನು ಕೇಳಿಸದವನಂತೆ ನಿನ್ನ ಹಣೆಗೆ ವಿಭೂತಿ ಹಚ್ಚಿದೆ. ಕೇಳಿಸಿತ್ತು, ಮಗೂ. ಗುರುವಾರ ಮೊದಲ ಬಸ್ಸಿಗೆ ನಾನೂ ನಿನ್ನ ತಾಯಿಯೂ ಬರುತ್ತೇವೆ. ಅಲ್ಲೇ ಇರಲು ಮನಸ್ಸಿದ್ದರೆ ಬರಿಗೈಲಿ ಬಂದು ಮುಖ ತೋರಿಸು, ಪಾದ ಮುಟ್ಟಿ ಹಿಂದಿರುಗುತ್ತೇನೆ. ಇಲ್ಲವಾದರೆ ಬಟ್ಟೆಯ ಚೀಲ ಹಿಡಿದೇ ಬಾ. ಕೊಟ್ಟ ಮಾತನ್ನು ಎಲ್ಲರೆದುರು ನಾನೇ ಹಿಂದಕ್ಕೆ ಪಡೆಯುತ್ತೇನೆ.