ಕಿತ್ತಳೆ ಜಾಕೆಟ್ಟಿನ ಹಿಂದಿದ್ದ ತೊರೆ

ಪುಷ್ಯ ಮಾಸದ ನಲವತ್ತಮೂರನೇ ದಿನ,
ಮಂಜುಶಕೆ ನೂರಾ ಎಂಬತ್ತೆಂಟು,
ಕಾವಳಗುಡ್ಡದ ನೆತ್ತಿ.

ಕಿತ್ತಳೆ ಬಣ್ಣದ ಜಾಕೆಟ್ ಧರಿಸಿದ ಅಣ್ಣನವರ ದಿವ್ಯ ಸನ್ನಿಧಾನಕ್ಕೆ, ತಮಗಿಂತ ಇನ್ನೂರ ಚಿಲ್ಲರೆ ವರ್ಷ ಕಿರಿಯಳಾದ ಇಬ್ಬನಿ ಎಂಬುವಳ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಹೆಸರು ಗೊತ್ತಿಲ್ಲದ ಕಾರಣ ಜಾಕೆಟ್ಟಿನಿಂದಲೇ ಕರೆಯಬೇಕಾಗಿದೆ, ಕ್ಷಮೆಯಿರಲಿ. ತಿಂಗಳಲ್ಲಿ ನಲವತ್ತಮೂರು ದಿನ ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ. ನಮ್ಮಲ್ಲಿ ಗುಡ್ಡದ ಮೇಲೆ ಮಂಜು ಬಂದು ಕೂರುವವರೆಗೆ ಪುಷ್ಯ ಮುಗಿಯುವಂತಿಲ್ಲ. ಒಂದು ವರ್ಷ ಅದು ಎಪ್ಪತ್ತು ದಿನ ಎಳೆದಿತ್ತು. ಪುಷ್ಯ ಕಳೆಯಲಿ, ಆಮೇಲೆ ಮದುವೆ ಎಂದು ಕಾದು ಕೂತ ವರಮಹಾಶಯರ ಮುಖ ನೋಡುವ ಹಾಗಿರಲಿಲ್ಲವಂತೆ. ನನ್ನ ಭಾಷೆ ನಿಮಗೆ ವಿಚಿತ್ರ ಎನಿಸಿದರೆ ಅದಕ್ಕೂ ಕ್ಷಮೆ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನೀವು ಚಿತ್ರಗಳ ಕೆಳಗೆ ಬರೆದುಕೊಂಡ ಒಕ್ಕಣೆಗಳಿಂದ. ಅದರಲ್ಲಿ ಅರ್ಧ ಬರೀ ಬೆಂಕಿಯ ಗುರುತು, ಉಳಿದರ್ಧ ಕೈಮುಗಿದದ್ದು.

ಈಗ ವಿಷಯಕ್ಕೆ ಬರುತ್ತೇನೆ. ಕಾವಳಗುಡ್ಡದ ಚಳಿಗಾಲ ಒಂದಾನೊಂದು ಕಾಲದಲ್ಲಿ ಹೇಗಿತ್ತು ಎಂದು ತಿಳಿಯಲು ನಮಗೆ ಉಳಿದಿರುವುದು ಒಂದೇ ಬೆಳಗಿನ ನಲವತ್ತೊಂದು ಚಿತ್ರಗಳು. ನಿಮ್ಮ ಡಿಸೆಂಬರಿನ ಮೂರನೇ ಭಾನುವಾರ, ಸೂರ್ಯ ಹುಟ್ಟುವ ಹೊತ್ತು, ನಿಮ್ಮ ಗೆಳೆಯರು ತೆಗೆದವು. ಅಲ್ಲಾ ಸ್ವಾಮಿ, ನಲವತ್ತೊಂದರಲ್ಲೂ ನೀವೇ. ನಟ್ಟನಡುವೆ. ಒಂದರಲ್ಲಿ ಎರಡೂ ಕೈ ಚಾಚಿದ್ದೀರಿ, ಕಣಿವೆಗೆ ಬಾಗಿಲು ಹಾಕಿದ ಹಾಗೆ. ಒಂದರಲ್ಲಿ ಮಂಗನ ಟೋಪಿ, ಒಂದರಲ್ಲಿ ಟೋಪಿಯಿಲ್ಲ, ಹನ್ನೊಂದರಲ್ಲಿ ಬಂಡೆಯ ಮೇಲಿಂದ ನೆಗೆದಿದ್ದೀರಿ. ನೆಗೆದಾಗಲಾದರೂ ಕಾಲಡಿಯಲ್ಲಿ ಏನಾದರೂ ಕಂಡೀತೆಂದು ಭೂತಗನ್ನಡಿ ಹಿಡಿದು ನೋಡಿದೆ. ಅಲ್ಲಿ ನಿಮ್ಮ ಬ್ಯಾಗಿತ್ತು.

ನಿಮ್ಮ ಅಂಚುಗಳಲ್ಲಿ ಉಳಿದದ್ದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಎಡಗಿವಿಯ ಪಕ್ಕದಲ್ಲಿ ಮಂಜು ಕಣಿವೆಯ ಕಂಠದವರೆಗೆ ತುಂಬಿದೆ, ಆಗತಾನೆ ಉಕ್ಕಿ ಒಲೆಯಿಂದ ಇಳಿಸಿದ ಹಾಲಿನಂತೆ. ಬಲಮೊಣಕೈಯ ಸಂದಿಯಲ್ಲಿ ಒಂದು ಶಿಖರ, ಅದರ ನೆತ್ತಿಗೆ ಮಾತ್ರ ಬಿಸಿಲು, ಕೆಳಗೆಲ್ಲ ನೀಲಿ. ಬೂಟಿನ ಬಳಿ ಹುಲ್ಲಿನ ಒಂದೊಂದು ಎಸಳಿಗೂ ಹನಿ, ಎರಡು ಎಸಳಿನ ನಡುವೆ ಜೇಡನೊಂದು ಕಟ್ಟಿದ ಮುತ್ತಿನ ಬಲೆ. ಇಂಥ ಬೆಳಗು ನಮಗೆ ವರ್ಷಕ್ಕೊಂದು ಸಿಕ್ಕರೆ ಪುಣ್ಯ. ಅವತ್ತು ಶಾಲೆಗೆ ರಜೆ. ಹಾಸಿಗೆ ಹಿಡಿದವರನ್ನೂ ಕಂಬಳಿಯಲ್ಲಿ ಸುತ್ತಿ ಹೊತ್ತು ತರುತ್ತೇವೆ. ಯಾರೂ ಇನ್ನೊಬ್ಬರ ಮುಂದೆ ನಿಲ್ಲುವಂತಿಲ್ಲ. ನಿಂತವರು ಆ ವರ್ಷವೆಲ್ಲ ಊರಿಗೆ ಕಟ್ಟಿಗೆ ಒಡೆಯಬೇಕು. ನಿಮ್ಮನ್ನು ನೆನೆದೇ ಮಾಡಿದ ಕಾನೂನು ಇರಬೇಕು.

ಇರಲಿ, ಬರೀ ಹೊಟ್ಟೆಕಿಚ್ಚಿಗೆ ಯಾರೂ ಇನ್ನೂರು ವರ್ಷ ಹಿಂದಕ್ಕೆ ಪತ್ರ ಬರೆಯುವುದಿಲ್ಲ. ನಿಮ್ಮ ಬೆನ್ನ ಹಿಂದಿನ ಇಳಿಜಾರಿನಲ್ಲಿ ಒಂದು ತೊರೆ ಹರಿಯುತ್ತಿತ್ತು. ನಿಮ್ಮ ನಂತರ ಒಂದು ಮಳೆಗಾಲ ಗುಡ್ಡ ಜಾರಿತು, ತೊರೆ ಹೂತುಹೋಯಿತು. ಈಗ ಅಲ್ಲಿ ಎರಡು ಕೊರಕಲುಗಳಿವೆ, ಎಡಕ್ಕೊಂದು, ಬಲಕ್ಕೊಂದು, ಅವಳಿ ಮಕ್ಕಳ ಹಾಗೆ. ಒಂದರ ಮಣ್ಣಿನಡಿ, ಅಗೆದರೆ ಗುಡ್ಡವೇ ಮತ್ತೆ ಜಾರುವಷ್ಟು ಆಳದಲ್ಲಿ, ತೊರೆಯ ಹಳೇ ಕಲ್ಲುಹಾಸಿದೆ, ಇನ್ನೊಂದು ಬರೀ ಸಡಿಲ ಮಣ್ಣು. ನನ್ನ ಸೋದರತ್ತೆ ಹೊನ್ನಾಜಿ ಹತ್ತೊಂಬತ್ತು ವರ್ಷಗಳಿಂದ ಆ ಇಳಿಜಾರಿನಲ್ಲಿ ಮಂಡಿಯೂರಿ ಹುಲ್ಲು ನೆಡುತ್ತಿದ್ದಾಳೆ, ಒಂದೊಂದೇ ಬುಡ. ನೆತ್ತಿಯ ಮೇಲೆ ಮಂಜುಬಲೆಗಳನ್ನು ಕಟ್ಟಿದ್ದೇವೆ. ಮಂಜು ಅದನ್ನು ಹಾದುಹೋಗುವಾಗ ಮೈಯಲ್ಲಿದ್ದ ನೀರನ್ನು ತೊಟ್ಟಿಕ್ಕಿ ಹೋಗುತ್ತದೆ. ಒಂಬತ್ತು ಚಳಿಗಾಲದ ಆ ನೀರು ಕೊಳದಲ್ಲಿ ತುಂಬಿ ನಿಂತಿದೆ. ಈ ಸಲ ಮಂಜು ಕೂತ ಬೆಳಿಗ್ಗೆಯೇ, ನೆಲ ಒದ್ದೆಯಿರುವಾಗ, ನೀರನ್ನು ಹಳೇ ತೊರೆಯ ದಾರಿಗೆ ಬಿಡಬೇಕು. ಸರಿಯಾದ ಕೊರಕಲಿಗೆ ಬಿಟ್ಟರೆ ತೊರೆ. ತಪ್ಪಾದದ್ದಕ್ಕೆ ಬಿಟ್ಟರೆ ಮಣ್ಣು, ಹುಲ್ಲು, ಅತ್ತೆಯ ಹತ್ತೊಂಬತ್ತು ವರ್ಷ ಎಲ್ಲವೂ ಕಣಿವೆಯ ಪಾಲು.

ಹಳೇ ಚಿತ್ರಗಳನ್ನು ಓದಿ ಯಾವ ಕೊರಕಲು ಎಂದು ಹೇಳುವ ಹೊಣೆ ನನ್ನದಾಗಿತ್ತು. ಎರಡು ತಿಂಗಳು ನಿಮ್ಮ ಜಾಕೆಟ್ಟನ್ನೇ ದಿಟ್ಟಿಸಿ ತಲೆ ಕೆಟ್ಟು, ನಾನು ಒಂದು ಕೆಲಸ ಮಾಡಿದೆ. ಜಾಕೆಟ್ಟಿನ ಹಿಂದೆ ಏನಿತ್ತೋ ಅದನ್ನು ಮನಸ್ಸಿಗೆ ಬಂದಂತೆ ನಕ್ಷೆಯಾಗಿ ಬರೆದು, ತೊರೆಯನ್ನು ಎಡಕ್ಕೆ ಹರಿಸಿ, ಕಾಗದವನ್ನು ಚಹಾದಲ್ಲಿ ನೆನೆಸಿ ಒಣಗಿಸಿ, ಕೆಳಗೆ 'ಶ್ರೀಮತ್ ಕಾವಳಗುಡ್ಡ ಸಂಸ್ಥಾನದ ಜಲಮಾರ್ಗ ನಿರೂಪಣಂ' ಎಂದು ಬರೆದು ಆಲೂಗಡ್ಡೆಯ ಮುದ್ರೆಯೊತ್ತಿ ಊರಸಭೆಯ ಮುಂದಿಟ್ಟೆ. ಎಲ್ಲರೂ ಬಿದ್ದುಬಿದ್ದು ನಗುತ್ತಾರೆ ಅಂದುಕೊಂಡಿದ್ದೆ. ಅವರು ಎದ್ದು ನಿಂತು ಕೈಮುಗಿದರು. ನಮ್ಮವರ ದೊಡ್ಡ ದೋಷ ಅದು: ಹಳೆಯದು ಅಂತ ಕಂಡರೆ ಸಾಕು, ಪ್ರಶ್ನೆಯಿಲ್ಲ. ಮಾರನೆಯ ದಿನದಿಂದ ಎಡಗೊರಕಲಿಗೆ ಕಲ್ಲು ಹೊರಲು ಶುರು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ನಾನೂ ಕಲ್ಲು ಹೊತ್ತೆ. ಮೂರು ತಿಂಗಳು. ಅತ್ತೆಯ ಅಂಗೈ ಒಡೆದು ನೆತ್ತರು ಬಂದ ದಿನ ಬಾಯಿಬಿಟ್ಟೆ.

ಬೈಯುತ್ತಾಳೆ ಅಂದುಕೊಂಡೆ, ಬೈಯಲಿಲ್ಲ. ಕಲ್ಲನ್ನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಆಲೂಗಡ್ಡೆ ಯಾವುದು ಅಂತ ಕೇಳಿದಳು. ಬಿತ್ತನೆಗೆ ಎತ್ತಿಟ್ಟದ್ದರಲ್ಲಿ ಒಂದು ಎಂದೆ. ಅದಕ್ಕೆ ಸ್ವಲ್ಪ ಬೈದಳು. ಆಮೇಲೆ ಒಳಗೆ ಹೋಗಿ ಪೆಟ್ಟಿಗೆಯಿಂದ ತನ್ನ ಹಿಮ್ಮುಖ ಅಂಚೆಯ ಚೀಟಿ ತಂದು ನನ್ನ ಮಡಿಲಿಗೆ ಹಾಕಿದಳು. "ಸುಳ್ಳು ಬರೆದ ಕೈ ಇದೇ ಅಲ್ವೇನೇ? ಅದರಲ್ಲೇ ಬರೆದು ನಿಜ ಕೇಳು."

ಹಿಮ್ಮುಖ ಅಂಚೆ ಎಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜನ್ಮಕ್ಕೊಂದೇ ಚೀಟಿ, ನನ್ನ ವಯಸ್ಸಿನವರಿಗೆ ಇನ್ನೂ ಇಲ್ಲ. ಅತ್ತೆ ತನ್ನದನ್ನು ತೀರಿಹೋದ ತಾಯಿಗೆ ಬರೆಯಲು ಇಟ್ಟುಕೊಂಡಿದ್ದಳು. ಅದನ್ನು ಈಗ ತಮಗೆ, ನೆಗೆಯುವ ಮಹಾನುಭಾವರಿಗೆ, ಖರ್ಚು ಮಾಡುತ್ತಿದ್ದೇನೆ. ನನ್ನ ಸಂಕಟ ಅರ್ಥವಾಗಿರಬಹುದು.

ಆಗಿಹೋದ ಚಿತ್ರವನ್ನು ಬದಲಿಸಲು ಅಂಚೆಯ ನಿಯಮ ಬಿಡುವುದಿಲ್ಲ. ಇಲ್ಲದಿದ್ದರೆ ಭಾನುವಾರದ ಮೊದಲೇ ಬರೆದು "ಅಣ್ಣಾ, ಎರಡು ಹೆಜ್ಜೆ ಸರೀರಿ" ಎಂದು ಮುಗಿಸುತ್ತಿದ್ದೆ. ಹಾಗಾಗಿ ಇದು ಮರುದಿನ ನಿಮ್ಮ ಕೈಸೇರುತ್ತದೆ. ನಿಮ್ಮನ್ನೇ ಯಾಕೆ ಕೇಳುತ್ತಿದ್ದೇನೆಂದರೆ, ಕೊನೆಯ ಚಿತ್ರಕ್ಕಾಗಿ. ಅದು ಕೈತಪ್ಪಿ ತೆಗೆದದ್ದು, ಅರ್ಧಕ್ಕೆ ಯಾರದೋ ಬೆರಳು ಅಡ್ಡ ಬಂದಿದೆ. ಅದರಲ್ಲಿ ನೀವು ನಗುತ್ತಿಲ್ಲ, ಕೈ ಚಾಚಿಲ್ಲ. ತಿರುಗಿ ಕಣಿವೆ ನೋಡುತ್ತಿದ್ದೀರಿ. ಬಾಯಿ ಸ್ವಲ್ಪ ತೆರೆದಿದೆ, ಕೆನ್ನೆಯ ಮೇಲೆ ಬೆಳಕು ಬಿದ್ದಿದೆ. ಅದನ್ನು ಕಂಡ ದಿನ ನಿಮ್ಮನ್ನು ಬೈಯಲು ಆಗಲಿಲ್ಲ, ನಿಜ ಹೇಳುತ್ತೇನೆ. ನಿಮ್ಮ ಗೆಳೆಯರು ನೋಡುತ್ತಿದ್ದದ್ದು ನಿಮ್ಮನ್ನೇ, ಹಾಗಾಗಿ ನಮ್ಮ ಲೆಕ್ಕಕ್ಕೆ ಸಿಕ್ಕ ಮನುಷ್ಯರಲ್ಲಿ ಆ ತೊರೆಯನ್ನು ಕಂಡವರು ನೀವೊಬ್ಬರೇ.

ಆದ್ದರಿಂದ ದಯವಿಟ್ಟು ಇನ್ನೊಮ್ಮೆ ಹತ್ತಿ, ತೊರೆ ಯಾವ ಕಡೆಗೆ ಹರಿಯುತ್ತದೆ ನೋಡಿ. ಮೂರು ಗಂಟೆಯ ಏರು, ಹಲ್ಲು ಕಟಕಟಿಸುವ ಚಳಿ, ಎಲ್ಲ ಗೊತ್ತು. ಬರುವಾಗ ಒಂದು ಸ್ಟೀಲ್ ಡಬ್ಬಿ ತನ್ನಿ. ಕಾಗದ ಬೇಡ, ಚಿತ್ರ ಖಂಡಿತ ಬೇಡ. ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಯುವ ಹಾಗೆ ಅದರ ಮೇಲೆ 'ಎಡ' ಅಥವಾ 'ಬಲ' ಎಂದು ಕೊರೆಯಿರಿ. ಕಣಿವೆಗೆ ಮುಖ ಮಾಡಿದಾಗಿನ ಎಡಬಲ ಸ್ವಾಮಿ, ಕ್ಯಾಮೆರಾಕ್ಕಲ್ಲ. ನೀವು ನೆಗೆದ ಬಂಡೆಯ ಬುಡದಲ್ಲಿ, ಮೂಡಲ ದಿಕ್ಕಿಗೆ, ಮೊಣಕೈ ಆಳಕ್ಕೆ ಹೂಳಿ. ಆ ಬಂಡೆ ಜಾರಿಲ್ಲ, ಈಗಲೂ ಇದೆ, ನಾವು ಅಲ್ಲೇ ಅಗೆದು ನೋಡುತ್ತೇವೆ.

ಕಣಿವೆಯ ತಳದಲ್ಲಿ ಬಿಳುಪು ಏಳುತ್ತಿದೆ. ನಾಳೆಯೋ ನಾಡಿದ್ದೋ ಮಂಜು ಇಲ್ಲಿಗೆ ಬರುತ್ತದೆ. ಅತ್ತೆ ಹಾರೆ ಹೆಗಲಿಗೇರಿಸಿ ಅಂಗಳದಲ್ಲಿ ನಿಂತಿದ್ದಾಳೆ, ಬರೆದು ಮುಗೀತಾ ಎಂದು ಎರಡು ಸಲ ಕೇಳಿದಳು. ಆ ಅಣ್ಣ ಖಂಡಿತ ಇಟ್ಟಿರುತ್ತಾರೆ, ಅಂಥ ಮುಖ ಅವರದು ಎಂದು ನಾನು ಹೇಳಿದೆ. ಆ ನಕ್ಷೆಯ ನಂತರ ಅವಳು ನನ್ನ ಒಂದು ಮಾತನ್ನೂ ನಂಬಿರಲಿಲ್ಲ. ಇದನ್ನು ನಂಬಿ ಚಪ್ಪಲಿ ಮೆಟ್ಟಿದ್ದಾಳೆ.

ಇದನ್ನು ಅಂಚೆಗೆ ಹಾಕಿ ನಾವು ಬಂಡೆಯ ಹತ್ತಿರ ಹೊರಟೆವು, ಅಣ್ಣಾ.

ಇಬ್ಬನಿ