ಬೇಕಂತ ಬರೆದ ತಪ್ಪು

ರೀ,

ರೊಟ್ಟಿ ಬುಟ್ಟ್ಯಾಗ ಅದಾವ, ಝುಣಕ ಬಿಸಿ ಮಾಡ್ಕೊಳ್ರಿ. ಜೀಡಿಮೆಟ್ಲಾದಿಂದ ನೈಟ್ ಶಿಫ್ಟ್ ಮುಗಿಸಿ ಬಂದು ಹಂಗ ಮಲಗಬ್ಯಾಡ್ರಿ, ಮೊದಲು ಉಣ್ರಿ. ಫ್ಯಾಕ್ಟರಿ ಅಂಗಿ ಬಕೀಟಿನ್ಯಾಗ ಹಾಕ್ರಿ, ಹಾಸಿಗಿ ಮ್ಯಾಲೆ ಒಗೀಬ್ಯಾಡ್ರಿ.

ಇವತ್ತು ಮಾದಾಪುರದ ಅಂಗಡ್ಯಾಗ ಮಾಲೀಕರು ನನ್ನನ್ನ ಕೌಂಟರಿನ್ಯಾಗ ನಿಲ್ಲಿಸಿ ನೋಡ್ತಾರ. ಸಾಫ್ಟ್‌ವೇರ್ ಆಫೀಸಿನವ್ರು ಬಂದು ಇಂಗ್ಲಿಷಿನ್ಯಾಗ ರೇಟ್ ಕೇಳ್ತಾರಂತ. ನೀವು ಚಿಂತಿ ಮಾಡಬ್ಯಾಡ್ರಿ. "ಹೌ ಮಚ್ ಡಸ್ ಇಟ್ ಕಾಸ್ಟ್?" "ಇಟ್ ಕಾಸ್ಟ್ಸ್ ಫಿಫ್ಟಿ ರುಪೀಸ್." ಡಸ್ ಬಂದ್ರ ಕಾಸ್ಟ್‌ಗೆ ಎಸ್ ಹಚ್ಚಬಾರದು. ನೀವು ಮೊದಲನೇ ದಿನ ಇಂಗ್ಲಿಷ್ ಪಾಠದ ನೋಟ್‌ಬುಕ್ಕಿನ್ಯಾಗ ಬರೆದಿಟ್ಟಾಗನ ನನಗ ತಿಳಿದಿತ್ತು.

ಖರೇ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮೂರು ವಾರದಿಂದ ಅದರಾಗ ಬೇಕಂತನ ತಪ್ಪು ಬರದೀನಿ. ನೀವು ಬರೂದ್ರಾಗ ನಾ ಹೋಗಿರ್ತೀನಿ, ನಾ ಬರೂದ್ರಾಗ ನೀವು ಹೋಗಿರ್ತೀರಿ. ಸರಿ ಬರದ್ರ ಬರೇ ಒಂದು ರೈಟ್ ಹಾಕಿ ಮಲಗಿಬಿಡ್ತೀರಿ. ತಪ್ಪಿದ್ರ "ಹುಚ್ಚಿ, ಎಷ್ಟು ಸಲ ಹೇಳ್ಲಿ ನಿನಗ" ಅಂತ ಹಾಳಿ ತುಂಬ ಬರೀತೀರಿ. ಅದನ್ನ ಓದಕೋಂತ ನಾ ಒಬ್ಬಾಕಿ ಉಣ್ತೀನಿ.

ಕೌಂಟರ್ ಸಿಕ್ರ ಪಾಠ ಮುಗೀತು ಅನಬ್ಯಾಡ್ರಿ. ಇವತ್ತು ಎಲ್ಲಾ ಸರಿ ಬರದಿಟ್ಟೀನಿ. ಆದ್ರೂ ತಪ್ಪೈತಿ ಅಂತ ತಿಳಕೊಂಡು, ಹಾಳಿ ತುಂಬ ಬೈದು ಬರೀರಿ.

ಭಾಗ್ಯಶ್ರೀ